ಊರಿಗೊಂದು ಜೆರ್ಸಿ
ಇಂಗ್ಲೆಂಡಿನ ಫುಟ್‌ಬಾಲ್ ಸ್ಟ್ರೈಕರ್ ಜೆಫರ್ಸನ್ ಲೂಯಿಸ್ ತೊಟ್ಟ ಜೆರ್ಸಿಗಳು ನಲವತ್ತಕ್ಕೂ ಹೆಚ್ಚು ಕ್ಲಬ್‌ಗಳವು. ಜನ ನೆನಪಿಟ್ಟಿರುವುದು ಮಾತ್ರ ಒಂದೂ ಇಲ್ಲದ ಗಳಿಗೆಯನ್ನು! 2002ರ ಡಿಸೆಂಬರ್‌ನಲ್ಲಿ ಎಫ್‌ಎ ಕಪ್ ಪಂದ್ಯದಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಪರ ಸ್ವಿಂಡನ್ ವಿರುದ್ಧ ಗೆಲುವಿನ ಗೋಲು ಹೊಡೆದ. ಮುಂದಿನ ಸುತ್ತಿಗೆ ಎದುರಾಳಿ ಆರ್ಸೆನಲ್ ಎಂದು ಗೊತ್ತಾದದ್ದೇ ತಡ, ಡ್ರೆಸಿಂಗ್ ರೂಮಿನಲ್ಲಿ ಹುಟ್ಟುಡುಗೆಯಲ್ಲೇ ಕುಣಿದ, ಟಿ.ವಿ.ಯಲ್ಲಿ ನೇರಪ್ರಸಾರ ನಡೆಯುತ್ತಿತ್ತು. ಆರ್ಸೆನಲ್‌ನ ಆಗಿನ ಮೈದಾನ ಹೈಬರಿಯಲ್ಲಿ ಬದಲಿ ಆಟಗಾರನಾಗಿ ಇಳಿದ, ತಂಡ 2-0ಯಿಂದ ಸೋತಿತು. ಆಮೇಲೆಲ್ಲ ಕೆಳಗಿನ ಲೀಗ್‌ಗಳಲ್ಲಿ ಅಲೆದಾಟ: ಅಲ್ಪಾವಧಿಯ ಕರಾರು, ಎರವಲು ಆಟ, ಮತ್ತೆ ಹೊಸ ಊರು. ನಿಷ್ಠೆಯಿಲ್ಲದವನು ಎನ್ನುವವರಿದ್ದಾರು, ಕೆಲವೇ ತಿಂಗಳಲ್ಲಿ ಕೈಬಿಡುವ ಕ್ಲಬ್‌ಗಳಿಗೆ ನಿಷ್ಠೆ ಕೇಳುವ ಹಕ್ಕಾದರೂ ಎಲ್ಲಿಯದು? ನಡುವೆ, 2008ರಲ್ಲಿ, ಕೆರಿಬಿಯನ್ನಿನ ಪುಟ್ಟ ಡೊಮಿನಿಕಾ ದೇಶಕ್ಕೂ ಆಡಿಬಂದ. ವಯಸ್ಸು ನಲವತ್ತು ದಾಟಿದ ಮೇಲೂ ಬೂಟು ಕಳಚಲಿಲ್ಲ.