ಅಚ್ಚಿನ ದೋಷ, ಸಾರಥಿಯ ಹೊಣೆ

ಹಿಂಭಾರವಾದ ಗಾಡಿಯಲ್ಲಿ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆಂಬುದನ್ನು ಗಾಡಿಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನು ಹೇರನ್ನೇ ಮುಂದಕ್ಕೆ ಸರಿಸುತ್ತಾನೆ. ಎಚ್ಚರದಿಂದ ನಡೆಯಿರೆಂದು ಎತ್ತುಗಳಿಗೆ ಉಪದೇಶಿಸುವುದಿಲ್ಲ. ಅಮೆರಿಕದ ಷೆವರ್ಲೆ ಕಾರ್ವೇರ್ ಕಾರಿನ ಕಥೆಯನ್ನು ಓದಿದಾಗಲೆಲ್ಲ ನನಗೆ ಈ ಗಾಡಿಗಾರನ ವಿವೇಕ ನೆನಪಾಗುತ್ತದೆ.

೧೯೬೦ರ ಮಾದರಿಯಾಗಿ ಹೊರಬಂದ ಆ ಕಾರಿನ ಎಂಜಿನು ಹಿಂದುಗಡೆ ಇತ್ತು. ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಹಿಂದಿನ ಗಾಲಿಗಳ ಮೇಲೆ. ಆ ಗಾಲಿಗಳ ಅಚ್ಚುಗಳಿಗೆ ಒಳತುದಿಯಲ್ಲಿ ಮಾತ್ರ ಕೀಲು. ಆದ್ದರಿಂದ ಅಚ್ಚು ಓರೆಯಾದರೆ ಗಾಲಿಯೂ ಓರೆ. ವೇಗದಲ್ಲಿ ತಿರುವು ಹಿಡಿದಾಗ ಕಾರಿನ ಹಿಂಭಾಗ ಮೇಲೆದ್ದು, ಹೊರಮಗ್ಗುಲ ಗಾಲಿ ಅಡಿಗೆ ಮಡಚಿಕೊಂಡು ನೆಲದ ಹಿಡಿತ ತಪ್ಪುವ ಸಂಭವವಿತ್ತು.

ನಿರ್ಮಾಪಕರು ಕಂಡುಕೊಂಡ ಉಪಾಯವೆಂದರೆ ಮುಂದಿನ ಟೈರುಗಳಿಗೆ ಚದರಂಗುಲಕ್ಕೆ ೧೫ ಪೌಂಡು, ಹಿಂದಿನವಕ್ಕೆ ೨೬ ಪೌಂಡು ಗಾಳಿ. ಮುಂದಿನ ಹಿಡಿತವನ್ನು ಬೇಕೆಂದೇ ಕುಗ್ಗಿಸಿ ಸಮತೂಕ ತರುವ ಯೋಚನೆ ಅದು. ವಾಡಿಕೆಯಂತೆ ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿಸಿಕೊಂಡವನು ಅರಿಯದೆಯೇ ಅಪಾಯವನ್ನೂ ತುಂಬಿಸಿಕೊಂಡಂತಾಯಿತು.

೧೯೬೫ರಲ್ಲಿ ರಾಲ್ಫ್ ನೇಡರ್ ಅವರು ತಮ್ಮ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಗ್ರಂಥದ ಮೊದಲ ಅಧ್ಯಾಯವನ್ನು ಈ ಕಾರಿಗೇ ಮೀಸಲಿಟ್ಟರು. ೧೯೭೨ರಲ್ಲಿ ಅಲ್ಲಿನ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ, ಮೊದಲ ನಾಲ್ಕು ವರ್ಷಗಳ ಕಾರ್ವೇರ್ ಆ ಕಾಲದ ಇತರ ಕಾರುಗಳಿಗಿಂತ ಕೀಳಲ್ಲವೆಂದು ವರದಿಯಿತ್ತಿತು. ಅಭಿಮಾನಿಗಳು ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ. ಒಂದೇ ಕಾರನ್ನು ರಾಕ್ಷಸನಂತೆ ಚಿತ್ರಿಸಿದ್ದು ನ್ಯಾಯವಲ್ಲವೆಂಬ ಅವರ ಮಾತು ಒಪ್ಪತಕ್ಕದ್ದೆ. ಆದರೆ ನೆರೆಯವನೂ ನನ್ನಂತೆಯೇ ಎಂಬುದು ಸಮಾಧಾನವಾದೀತೇ ಹೊರತು ಸಮರ್ಥನೆಯಾಗದು.

ಇದಕ್ಕೆ ಸಾಕ್ಷಿ ಕಂಪನಿಯ ಕೆಲಸವೇ. ನೇಡರ್ ಅವರ ಪುಸ್ತಕ ಹೊರಬರುವ ಮೊದಲೇ, ೧೯೬೪ರ ಮಾದರಿಗೆ ಹಿಂದುಗಡೆ ಒಂದು ಅಡ್ಡ ಸ್ಪ್ರಿಂಗ್ ಪಟ್ಟಿ ಬಂದಿತ್ತು; ೧೯೬೫ರ ಮಾದರಿಯಲ್ಲಿ ಅಚ್ಚಿನ ಎರಡು ತುದಿಗೂ ಕೀಲು ಬಂದು, ಗಾಲಿ ನೆಟ್ಟಗೆ ನಿಲ್ಲುವುದನ್ನು ಕಲಿಯಿತು. ತಿದ್ದಬಹುದಾದ ದೋಷವೇ ಆಗಿದ್ದ ಮೇಲೆ, ನಾಲ್ಕು ವರ್ಷ ಅದರ ಹೊಣೆಯನ್ನು ಗಾಳಿ ತುಂಬಿಸುವವನ ಮೇಲೆ ಬಿಟ್ಟದ್ದೇಕೆ?

ಕೈಪಿಡಿಯಲ್ಲಿ ಎರಡು ಅಂಕಿಗಳನ್ನು ಮುದ್ರಿಸಿದ ಮಾತ್ರಕ್ಕೆ ಕರ್ತವ್ಯ ತೀರದು. ಮನುಷ್ಯ ಮರೆಯುವವನು, ಅವಸರದವನು. ಆ ಮರೆವನ್ನೂ ಅವಸರವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುವುದು ಯಂತ್ರವನ್ನು ರಚಿಸುವವನ ಧರ್ಮವೆಂದು ನಾನು ನಂಬುತ್ತೇನೆ. ಹೇರನ್ನು ಸರಿಸಬೇಕಾದವನು ಎತ್ತಿಗೆ ಬುದ್ಧಿ ಹೇಳುತ್ತ ನಿಲ್ಲಬಾರದು.