ಸೋಲೋದಕ್ಕೂ ಆಸ್ತಿ ಬೇಕು ಸ್ವಾಮಿ



ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ಟೆನಿಸ್‌ಗೆ ವಿದಾಯ ಹೇಳಿದರು. ಕೊಡಗಿನ ಮನುಷ್ಯ, ನಮ್ಮ ನಾಡಿನ ಆಟಗಾರ. ನಮಗೂ ಹೆಮ್ಮೆ ಐತಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಜಗಳ ಅವರ ಜೊತೆ ಅಲ್ಲ. ಅವರ ಹೆಸರು ಹಿಡ್ಕೊಂಡು ನಮಗೆ ಬುದ್ಧಿ ಹೇಳೋರ ಜೊತೆ. 43ನೇ ವಯಸ್ಸಿಗೆ ನಂಬರ್ ಒನ್ ಆದರು, ಮೀಸಲಾತಿ ಇಲ್ಲ, ಶಿಫಾರಸು ಇಲ್ಲ, ಬರೀ ಪರಿಶ್ರಮ ಅನ್ನೋ ಧಾಟಿಯ ಫಾರ್ವರ್ಡುಗಳು ನಮ್ಮ ರಾಯಚೂರಿನ ಗ್ರೂಪುಗಳಲ್ಲೂ ಓಡಾಡ್ತಾವೆ. ಓದಿದ ಕೂಡಲೇ ಗೊತ್ತಾಗುತ್ತೆ, ಏಟು ಯಾರಿಗೆ ಅಂತ.

ನಾನು ಗುಮಾಸ್ತ. ಫೈಲನ್ನ ಕೊನೇ ಹಾಳೆಯಿಂದ ಓದೋ ಅಭ್ಯಾಸ ಇಲ್ಲ. ಮೊದಲ ಹಾಳೆಯಿಂದ ನೋಡೋಣ.

ಬೋಪಣ್ಣ ಹುಟ್ಟಿದ್ದು 1980ರಲ್ಲಿ. ತಂದೆ ಕಾಫಿ ಬೆಳೆಗಾರರು. 2003ರಲ್ಲಿ ವೃತ್ತಿಪರ ಆಟಗಾರ ಆದರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ರ್‍ಯಾಂಕ್ 213, ಅದು 2007ರಲ್ಲಿ. ಅಂದರೆ ಜಗತ್ತು ನೋಡೋ ಆಟದಲ್ಲಿ ಅವರಿಗೆ ದಾರಿ ಸಿಗಲಿಲ್ಲ. ಆಮೇಲೆ ಡಬಲ್ಸ್‌ ಅನ್ನೇ ನೆಚ್ಚಿಕೊಂಡರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಕುರೇಶಿ ಜೊತೆ ಅಮೆರಿಕ ಓಪನ್ ಫೈನಲ್‌ಗೆ ಹೋಗಿ ಬ್ರಯಾನ್ ಸಹೋದರರ ಎದುರು ಸೋತರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪದಕದ ಪಂದ್ಯ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2021ರಲ್ಲಿ ಸಾಲಾಗಿ ಸೋತು, ಆಟ ಬಿಟ್ಟುಬಿಡಲಾ ಅಂತ ಯೋಚಿಸಿದ್ದನ್ನ ಅವರೇ ಹೇಳಿಕೊಂಡಿದ್ದಾರೆ. ಮೊಣಕಾಲಿನ ಕಾರ್ಟಿಲೇಜ್ ಸವೆದಿತ್ತು, ಅಯ್ಯಂಗಾರ್ ಯೋಗ ಹಿಡಿದರು. 2023ರಲ್ಲಿ ಮತ್ತೆ ಅಮೆರಿಕ ಓಪನ್ ಫೈನಲ್, ಮತ್ತೆ ಸೋಲು. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅದು ಅವರ ಮೊದಲ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್.

ಲೆಕ್ಕ ಹಾಕ್ರಿ. ವೃತ್ತಿಪರ ಆಗಿ 20 ವರ್ಷದ ಮೇಲೆ ಸಿಕ್ಕ ಗೆಲುವು ಅದು.

ಈ 20 ವರ್ಷ ಪುಕ್ಕಟೆ ಬರಲ್ಲ. ಟೆನಿಸ್‌ನಲ್ಲಿ ಕಳೆದ 52 ವಾರದ ಅಂಕದ ಮೇಲೆ ರ್‍ಯಾಂಕ್ ನಿಲ್ಲುತ್ತೆ. ರ್‍ಯಾಂಕ್ ಉಳೀಬೇಕು ಅಂದ್ರೆ ದೇಶದಿಂದ ದೇಶಕ್ಕೆ ಹೋಗಿ ಆಡ್ತಾನೇ ಇರಬೇಕು. ವಿಮಾನ, ಹೋಟೆಲು, ಕೋಚು, ಫಿಸಿಯೋ ಎಲ್ಲಕ್ಕೂ ದುಡ್ಡು. ಡಬಲ್ಸ್‌ನಲ್ಲಿ ದುಡ್ಡೂ ಕಮ್ಮಿ. ಅದೇ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7.3 ಲಕ್ಷ, ಅದನ್ನೂ ಇಬ್ಬರು ಹಂಚ್ಕೋಬೇಕು. ತುತ್ತತುದಿಯ ಲೆಕ್ಕವೇ ಹಿಂಗಾದ್ರೆ, ಮೊದಲ ಮೆಟ್ಟಿಲ ಸಣ್ಣ ಟೂರ್ನಿಗಳಲ್ಲಿ ಆಡೋ ಹುಡುಗನ ಲೆಕ್ಕ ನೀವೇ ಊಹಿಸಿ. ಹೆಸರು ಬರೋ ತನಕ ಮನೆಯವರು ತಾಳಬೇಕು. ತೋಟ ಇದ್ದೋರಿಗೆ ಕಷ್ಟ ಇಲ್ಲ ಅಂತ ನಾನು ಹೇಳ್ತಿಲ್ಲ. ಮಗ ಸೋತು ಬಂದ ವರ್ಷವೂ ತೋಟ ಫಸಲು ಕೊಡುತ್ತೆ ಅಂತ ಹೇಳ್ತಿದೀನಿ.

ಬೋಪಣ್ಣನವರ ಪರಿಶ್ರಮ ನಿಜ. ಆ ಪರಿಶ್ರಮಕ್ಕೆ ಸೋಲಲು ಟೈಮ್ ಸಿಕ್ಕಿದ್ದೂ ನಿಜ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹಿಡಿಯೋಕೆ ಟೈಮ್ ಇತ್ತು. ಪ್ರತಿಭೆ ಪ್ರತಿಭೆ ಅಂತೀರಲ್ಲ, ಅದರ ಅರ್ಧ ಬಂಡವಾಳ ಇದೇ.

ಈಗ ನಮ್ಮ ಕಡೆ ಬನ್ನಿ. ದೇವದುರ್ಗದ ತಾಂಡಾ, ಕೇರಿಗಳಿಂದ ಬೆಂಗಳೂರಿಗೆ ಗುಳೆ ಹೋಗೋ ಬಸ್ಸು ನೋಡಿ. ಗಾರೆ ಕೆಲಸಕ್ಕೆ ಅಪ್ಪ-ಅವ್ವ ಹೊಂಟ್ರೆ ಮಕ್ಕಳೂ ಹಿಂದೇನೇ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗಕ್ಕೆ ನೀರು ಬರಲಿಲ್ಲ ಅಂದ್ರೆ ಕೂಲಿಯೂ ಇಲ್ಲ. ಹತ್ತಿ ಬಿಡಿಸೋ ದಿನ ಬಂದ್ರೆ ಎಸ್ಸೆಸ್ಸೆಲ್ಸಿ ಹುಡುಗಿಯ ಹಾಜರಿ ಖಾಲಿ. ಅವಳು ಒಂದು ಸಲ ಫೇಲಾದ್ರೆ ಮುಗೀತು, ಮದುವೆ ಇಲ್ಲಾ ಕೂಲಿ. ಅವಳ ಎದುರು ನಿಂತು 43ರ ಕಥೆ ಹೇಳಿ ನೋಡೋಣ. ನಮ್ಮ ಮಕ್ಕಳು ಸೋಲಿಗೆ ಹೆದರಲ್ಲ ಸ್ವಾಮಿ. ಎರಡನೇ ಸಲ ಸೋಲೋ ಅವಕಾಶವನ್ನ ಅವರು ಕಂಡೇ ಇಲ್ಲ.

"ನಿಮಗ್ಯಾಕ್ರೀ ಟೆನಿಸ್ಸು, ಖೋಖೋ ಕಬಡ್ಡಿ ಆಡ್ರಿ" ಅಂತ ಒಬ್ಬರು ಅಂದರು. ಮಣ್ಣಿನ ಆಟ ನಮಗೆ, ಬಲೆ ಕಟ್ಟಿದ ಅಂಗಳ ನಿಮಗೆ. ಇದು ಹಳೇ ಹಂಚಿಕೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ ಪುಣೆಯ ಕ್ಲಬ್ಬಿಗೆ ಹೋಗಿದ್ದು ಮೈದಾನ ನೋಡಿಕೊಳ್ಳೋ ಕೂಲಿಯಾಗಿ. ಬಿಳಿಯರಿಗೆ ನೆಟ್ಸ್‌ನಲ್ಲಿ ಚೆಂಡು ಎಸೆದೂ ಎಸೆದೂ ಕಲಿತರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರು. ಅಂಥವರಿಗೂ ಸ್ವಂತ ತಂಡದವರು ಚಹಾ ಕೊಟ್ಟಿದ್ದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಪ್ರತಿಭೆ ಇದ್ದರೆ ಸಾಕು ಅನ್ನೋರಿಗೆ ಬಾಲೂ ಅವರ ಬದುಕೇ ಉತ್ತರ.

ಹಂಗಾದ್ರೆ ನಮಗೇನು ಬೇಕು?

2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ಜನಸಂಖ್ಯೆಗೆ ತಕ್ಕಂತೆ ನಮ್ಮ ಪಾಲು 24.1%. 2023-24ರಲ್ಲಿ ಆ ದುಡ್ಡಿನಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ಗ್ಯಾರಂಟಿ ಬೇಡ ಅಂತಲ್ಲ, ನಮ್ಮ ಅಕ್ಕ-ತಂಗಿಯರಿಗೂ ಅದು ಬೇಕು. ಎಲ್ಲರಿಗೂ ಕೊಡೋದನ್ನ ಎಲ್ಲರ ದುಡ್ಡಲ್ಲಿ ಕೊಡ್ರಿ. ನಮ್ಮ ದುಡ್ಡಲ್ಲಿ ಹಾಸ್ಟೆಲ್ ಪಕ್ಕ ಅಂಗಳ ಕಟ್ರಿ, ಕೋಚ್ ಕೊಡ್ರಿ, ಮೊಟ್ಟೆ-ಹಾಲು ಕೊಡ್ರಿ. 371(ಜೆ) ಬಂತು, ಕಲ್ಯಾಣ ಕರ್ನಾಟಕ ಮಂಡಳಿಗೆ ಕೋಟಿಗಟ್ಟಲೆ ಬಂತು. 2023ರಲ್ಲಿ ಪಕ್ಕದ ಕಲಬುರಗಿಯಲ್ಲೇ ಐಟಿಎಫ್ ಅಂತಾರಾಷ್ಟ್ರೀಯ ಟೂರ್ನಿ ನಡೀತು. ಮನಸ್ಸು ಮಾಡಿದ್ರೆ ಆಗುತ್ತೆ ಅಂತಾಯ್ತಲ್ಲ? ದೇವದುರ್ಗ, ಮಾನ್ವಿಯಲ್ಲಿ ಯಾಕಾಗಲ್ಲ?

ಮುಖ್ಯವಾದ್ದು ಇನ್ನೊಂದು. ಒಂದು ವರ್ಷ ಪದಕ ಬರಲಿಲ್ಲ, ಒಂದು ಪರೀಕ್ಷೆ ಫೇಲಾಯ್ತು ಅಂತ ಹಾಸ್ಟೆಲಿಂದ ಹೊರಗೆ ಹಾಕಬೇಡಿ. ಮೂರು ಸಲ, ನಾಲ್ಕು ಸಲ ಸೋಲೋಕೆ ಬಿಡ್ರಿ.

ಅಷ್ಟು ಕೊಟ್ಟ ಮೇಲೆ ಪರಿಶ್ರಮದ ಪಾಠ ಹೇಳ್ರಿ, ಕೂತು ಕೇಳ್ತೀವಿ. ಅಲ್ಲೀತನಕ ಬೋಪಣ್ಣನವರನ್ನ ಅವರ ಪಾಡಿಗೆ ಬಿಡಿ. ಅವರು ರ್‍ಯಾಕೆಟ್ ಹಿಡಿದದ್ದು ಆಡೋಕೆ, ನಮ್ಮ ಮಕ್ಕಳ ಬೆನ್ನಿಗೆ ಬಾರಿಸೋಕಲ್ಲ.

ಜೈ ಭೀಮ್.