ಜಮೀನಿನ ಕ್ರಯವೂ ಜಿಂಕೆಯ ಬೇಟೆಯೂ

ಜಯನಗರ, ಬನಶಂಕರಿಗಳ ಅನುಕೂಲಸ್ಥ ಮಹನೀಯರು ಬನ್ನೇರುಘಟ್ಟ, ಕನಕಪುರಗಳ ಕಡೆ ಕಾಡಂಚಿನ ಜಮೀನು ಕೊಳ್ಳಹೋದಾಗ, ನೀರು, ದಾರಿಗಳನ್ನು ವಿಚಾರಿಸಿದ ಮೇಲೆ, ಜಿಂಕೆ ಬರುವುದೇ ಎಂದು ಕೇಳುವುದುಂಟು. ಕಣ್ಣಿನ ಸುಖಕ್ಕಾಗಿ ಕೇಳಿದರೆ ಸಂತೋಷವೇ. ಕೋವಿಯ ಸುಖಕ್ಕಾಗಿಯಾದರೆ, ಅಂತಹ ಜಮೀನು ಭಾರತದಲ್ಲೆಲ್ಲಿಯೂ ಕ್ರಯಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಪ್ರಕರಣವು ಸರ್ಕಾರದ ಅರಣ್ಯಕ್ಕೂ ಸ್ವಂತ ಹೊಲಕ್ಕೂ ಭೇದವೆಣಿಸಿಲ್ಲ. ಅಮೆರಿಕದ ಅನೇಕ ಪ್ರಾಂತಗಳಲ್ಲಿ ಒಡೆಯನು ಪರವಾನಗಿ ಪಡೆದು ತನ್ನ ನೆಲದಲ್ಲಿ ಜಿಂಕೆ ಹೊಡೆಯಬಹುದು. ಇಲ್ಲಿ ಬೆಳೆ ಮೇಯ್ದ ಜಿಂಕೆಯನ್ನು ಸಹ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವಂತಿಲ್ಲ. ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತೇ. ಬೇಲಿ ದಾಟಿ ರಾಷ್ಟ್ರೀಯ ಉದ್ಯಾನದೊಳಗೆ ಹೊಡೆದವನಿಗಂತೂ 3 ವರ್ಷಕ್ಕೆ ಕಡಮೆಯಿಲ್ಲದೆ 7 ವರ್ಷದವರೆಗೆ ಸೆರೆವಾಸ.

2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದು, ಬೇಸಾಯಗಾರನಲ್ಲದ ಪಟ್ಟಣಿಗನಿಗೂ ಸರ್ಕಾರದವರು ಹೊಲದ ಬಾಗಿಲು ತೆರೆದರು. ಅದೇ ವರ್ಷ ಬನ್ನೇರುಘಟ್ಟದ ಪರಿಸರಸೂಕ್ಷ್ಮ ವಲಯವು, 2016ರ ಕರಡಿನಲ್ಲಿದ್ದ 268.96 ಚದರ ಕಿಲೋಮೀಟರಿನಿಂದ 168.84ಕ್ಕೆ ಕುಗ್ಗಿತು. ಜಿಂಕೆಯ ನೆರೆಗೆ ಕೊಳ್ಳುವವರನ್ನು ಹೀಗೆ ಕರೆತಂದವರಿಗೆ, ಅವರನ್ನು ಎಚ್ಚರಿಸುವ ಹೊಣೆಯೂ ಉಂಟು. ದಲ್ಲಾಳಿಯು ಇದನ್ನು ಹೇಳಲಾರನು. ಅವನ ಜೀವನೋಪಾಯ ಬೇರೆ. ಕಾಡಂಚಿನ ಕ್ರಯಪತ್ರಕ್ಕೆ ರುಜುವಾಗುವ ಮುನ್ನ ನೋಂದಣಿ ಅಧಿಕಾರಿಗಳೇ 9ನೆಯ ಪ್ರಕರಣವನ್ನು ಕೊಳ್ಳುವವನಿಗೆ ಕನ್ನಡದಲ್ಲಿ ಓದಿ ಹೇಳುವಂತೆ ಸರ್ಕಾರವು ಆಜ್ಞೆ ಹೊರಡಿಸಲಿ.